ಅಷ್ಟು ನಿಜವಾಗಿ ರೌಡಿ ಆಗಬೇಕಾದರೆ ಒಳಗೆ ಸ್ವಲ್ಪ ಇರಬೇಕಲ್ವಾ?

ಹಳೆಯ ಹಾಲಿವುಡ್ ಸಿನಿಮಾಗಳ ಮಾತು ಬಂದರೆ ನಾನು ಎಡ್ವರ್ಡ್ ಜಿ. ರಾಬಿನ್ಸನ್ ಹೆಸರು ತೆಗೆಯದೆ ಇರುವುದಿಲ್ಲ. ತೆಗೆದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಗ್ಯಾಂಗ್‌ಸ್ಟರ್ ಪಾತ್ರವನ್ನು ಅಷ್ಟು ನಿಜವಾಗಿ ಮಾಡಬೇಕಾದರೆ ಆ ಮನುಷ್ಯನೊಳಗೇ ಸ್ವಲ್ಪ ಕ್ರೌರ್ಯ ಇರಬೇಕಲ್ವಾ?" ಕೇಳುವವರದು ತಪ್ಪಲ್ಲ. ತೆರೆಯ ಮೇಲೆ ವಜ್ರಮುನಿಯವರನ್ನು ನೋಡಿ ಮನಸಾರೆ ಬೈದವರು ನಮ್ಮಲ್ಲೂ ಬೇಕಾದಷ್ಟು ಜನ ಇದ್ದಾರೆ. ನಟನೆ ಚೆನ್ನಾಗಿದ್ದಷ್ಟೂ ಅನುಮಾನ ಜಾಸ್ತಿ.

ರಾಬಿನ್ಸನ್ ಒಳಗೆ ಏನೋ ಇತ್ತು, ಅದು ನಿಜ. ಕ್ರೌರ್ಯ ಮಾತ್ರ ಇರಲಿಲ್ಲ. ಏನಿತ್ತು ಅಂತ ಹೇಳಲು ಅವರ ಬದುಕನ್ನೂ ಒಂದೆರಡು ಸಿನಿಮಾಗಳನ್ನೂ ಸ್ವಲ್ಪ ನಿಧಾನವಾಗಿ ನೋಡಬೇಕು.

ಹೆಸರು ಕೇಳಿಲ್ಲ ಅನ್ನುವವರೂ ಆ ಧ್ವನಿಯನ್ನು ಕೇಳಿರುತ್ತಾರೆ. ಮೂಗಿನಿಂದ ಬರುವ, ಪದಗಳನ್ನು ಕಚ್ಚಿ ಎಸೆಯುವ ಧ್ವನಿ. 'ಸಿಂಪ್ಸನ್ಸ್' ಕಾರ್ಟೂನಿನ ಪೊಲೀಸ್ ಮುಖ್ಯಸ್ಥ ವಿಗ್ಗಂ ಮಾತಾಡುವುದು ಅದೇ ಧಾಟಿಯಲ್ಲಿ. 1946ರ ಒಂದು ಕಾರ್ಟೂನಿನಲ್ಲಿ ಬಗ್ಸ್ ಬನ್ನಿಗೆ ಎದುರಾಗುವ ಗಿಡ್ಡ ಗ್ಯಾಂಗ್‌ಸ್ಟರ್ ಕೂಡ ರಾಬಿನ್ಸನ್ ಅವರದೇ ನಕಲು. ಮಿಮಿಕ್ರಿ ಮಾಡುವವರ ಬಾಯಲ್ಲಿ ಉಳಿದದ್ದು ಧ್ವನಿ ಮತ್ತು ಸಿಗಾರ್, ಅಷ್ಟೇ. ನಟ ಮರೆತೇ ಹೋದರು. ಇದು ನನಗೆ ತುಂಬಾ ಬೇಜಾರಿನ ವಿಷಯ.

ಅವರ ಹುಟ್ಟುಹೆಸರು ಎಮಾನುಯೆಲ್ ಗೋಲ್ಡೆನ್‌ಬರ್ಗ್. 1893ರ ಡಿಸೆಂಬರ್ 12ರಂದು ರುಮೇನಿಯಾದ ಬುಕಾರೆಸ್ಟ್‌ನಲ್ಲಿ, ಯಿಡ್ಡಿಷ್ ಮಾತಾಡುವ ಯಹೂದಿ ಮನೆಯಲ್ಲಿ ಹುಟ್ಟಿದವರು. ಅಲ್ಲಿ ಯಹೂದಿಗಳ ಮೇಲೆ ದಾಳಿಗಳು ನಡೆಯುತ್ತಿದ್ದ ಕಾಲ. ಅಣ್ಣಂದಿರಲ್ಲಿ ಒಬ್ಬನಿಗೆ ಅಂಥದ್ದೇ ಗುಂಪಿನಿಂದ ಏಟು ಬಿದ್ದ ಮೇಲೆ ಮನೆಯವರು ಅಮೆರಿಕಕ್ಕೆ ಹೊರಟರು. ಹುಡುಗ ನ್ಯೂಯಾರ್ಕಿಗೆ ಬಂದಿಳಿದಾಗ ಸುಮಾರು ಹತ್ತು ವರ್ಷ. ವಲಸೆ ಬಂದವರೇ ಕಿಕ್ಕಿರಿದಿದ್ದ ಲೋವರ್ ಈಸ್ಟ್ ಸೈಡ್‌ನಲ್ಲಿ ಬೆಳೆದರು, ಸಿಟಿ ಕಾಲೇಜಿಗೆ ಹೋದರು. ಅಲ್ಲಿ ನಾಟಕದ ಹುಚ್ಚು ಹಿಡಿಯಿತು. ಸ್ಕಾಲರ್‌ಶಿಪ್ ಪಡೆದು ಅಮೆರಿಕನ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್ಸ್ ಸೇರಿದರು. ಹೆಸರು ಬದಲಾದದ್ದು ಆಗಲೇ. ನಡುವಿನ 'ಜಿ' ಮಾತ್ರ ಗೋಲ್ಡೆನ್‌ಬರ್ಗ್‌ನದು, ಅದನ್ನು ಬಿಟ್ಟುಕೊಡಲಿಲ್ಲ. 1915ರಿಂದ ಬ್ರಾಡ್‌ವೇ ನಾಟಕಗಳಲ್ಲಿ ಸಿಕ್ಕ ಪಾತ್ರವನ್ನೆಲ್ಲ ಮಾಡಿದರು. ಎತ್ತರ ಐದೂವರೆ ಅಡಿಯೊಳಗೆ, ದಪ್ಪ ತುಟಿ, ಅಗಲ ಬಾಯಿ. ಹೀರೋ ಆಗುವ ಆಸೆಯನ್ನು ಅವರೂ ಇಟ್ಟುಕೊಳ್ಳಲಿಲ್ಲ. 1927ರಲ್ಲಿ 'ದಿ ರಾಕೆಟ್' ಎಂಬ ನಾಟಕದಲ್ಲಿ ಗ್ಯಾಂಗ್‌ಸ್ಟರ್ ಆದರು, ಹಾಲಿವುಡ್ ಕಣ್ಣು ಬಿತ್ತು.

1931ರ ಜನವರಿಯಲ್ಲಿ 'ಲಿಟಲ್ ಸೀಸರ್' ಬಂತು. ಮರ್ವಿನ್ ಲೆರಾಯ್ ನಿರ್ದೇಶನ. ಗ್ಯಾಂಗ್‌ಸ್ಟರ್ ಸಿನಿಮಾಕ್ಕೆ ಅಲ್ಲಿಂದಾಚೆ ಒಂದು ಅಚ್ಚು ಸಿಕ್ಕಿತು. ರಾಬಿನ್ಸನ್ ಪಾತ್ರದ ಹೆಸರು ರಿಕೋ. ಲೆರಾಯ್ ಹೇಳಿಕೊಂಡಿದ್ದ ಒಂದು ಸಂಗತಿ ಇದೆ. ಪಿಸ್ತೂಲಿನ ಸದ್ದಿಗೆ ರಾಬಿನ್ಸನ್ ಬೆಚ್ಚುತ್ತಿದ್ದರು, ಟ್ರಿಗರ್ ಒತ್ತಿದ ಕೂಡಲೇ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಕೊನೆಗೆ ರೆಪ್ಪೆಗೆ ಸಣ್ಣ ಸಣ್ಣ ಪಾರದರ್ಶಕ ಟೇಪ್ ಚೂರು ಅಂಟಿಸಿ ಶೂಟಿಂಗ್ ಮಾಡಿದರಂತೆ. ನನ್ನನ್ನು ಕೇಳುವವರಿಗೆ ಮೊದಲು ಹೇಳುವುದು ಇದನ್ನೇ. ತೆರೆಯ ಮೇಲೆ ಕಣ್ಣು ಮಿಟುಕಿಸದೆ ಕೊಲ್ಲುವ ರಿಕೋ ನಿಜದಲ್ಲಿ ಕಣ್ಣು ಬಿಟ್ಟುಕೊಂಡು ಗುಂಡು ಹಾರಿಸಲು ಆಗದ ಮನುಷ್ಯ.

ಹಾಗಾದರೆ ಆ ಪಾತ್ರಕ್ಕೆ ಜೀವ ಎಲ್ಲಿಂದ ಬಂತು? ಸಿನಿಮಾದ ಶುರುವನ್ನೇ ನೋಡಿ. ರಿಕೋ ಪೆಟ್ರೋಲ್ ಬಂಕ್ ದರೋಡೆ ಮಾಡಿ ಒಂದು ಸಣ್ಣ ಹೋಟೆಲಿಗೆ ಬರುತ್ತಾನೆ. ಗೋಡೆ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತಾನೆ, ದರೋಡೆ ಹೊತ್ತಿಗೆ ತಾನು ಇಲ್ಲೇ ಇದ್ದೆ ಅನ್ನಲು ಸಾಕ್ಷಿ ಬೇಕಲ್ಲ. ಆಮೇಲೆ ಊಟಕ್ಕೆ ಕೂತು ಪೇಪರ್ ಓದುತ್ತಾನೆ. ಅದರಲ್ಲಿ ಒಬ್ಬ ದೊಡ್ಡ ಗ್ಯಾಂಗ್‌ಸ್ಟರ್‌ಗೆ ನಡೆದ ಔತಣಕೂಟದ ಸುದ್ದಿ ಇದೆ. ಅಲ್ಲಿ ಆ ಮುಖ ನೋಡಬೇಕು. ದುಡ್ಡಿನ ಆಸೆ ಇಲ್ಲ, ಸಿಟ್ಟೂ ಇಲ್ಲ. ಇನ್ನೊಬ್ಬನ ಹೆಸರು ಪೇಪರಿನಲ್ಲಿ ಬಂದಿದೆ, ತನ್ನದು ಬಂದಿಲ್ಲ ಅನ್ನುವ ಉರಿ. ಮುಂದೆ ಅವನಿಗೂ ಔತಣಕೂಟ ಆಗುತ್ತದೆ. ಉಡುಗೊರೆಯಾಗಿ ಸಿಕ್ಕ ಗಡಿಯಾರ ಕದ್ದ ಮಾಲು. ಹೊಸ ಸೂಟು ಹಾಕಿಕೊಂಡು ಕನ್ನಡಿ ಎದುರು ನಿಂತಾಗ ರಿಕೋಗೆ ತನ್ನ ಮೇಲೆ ನಾಚಿಕೆಯೂ ಇದೆ, ಹೆಮ್ಮೆಯೂ ಇದೆ. ಕೊನೆಗೆ ಅವನನ್ನು ಸಾಯಿಸುವುದೂ ಇದೇ. ಅಡಗಿ ಕೂತವನನ್ನು ಪೇಪರಿನಲ್ಲಿ ಹೇಡಿ ಅಂತ ಬರೆದರು ಅಂತ ತಾನೇ ಪೊಲೀಸರಿಗೆ ಫೋನ್ ಮಾಡಿ ಬೈಯುತ್ತಾನೆ. ಆ ಕರೆಯ ಜಾಡು ಹಿಡಿದು ಬಂದು ಕೊಲ್ಲುತ್ತಾರೆ.

ನಾಲ್ಕು ಜನ ತನ್ನನ್ನು ಹೇಗೆ ನೋಡುತ್ತಾರೆ ಅನ್ನುವ ಈ ಎಚ್ಚರವೇ ರಾಬಿನ್ಸನ್ ಒಳಗೆ ಇದ್ದದ್ದು ಅಂತ ನಾನು ನಂಬಿದ್ದೇನೆ. ಬೇರೆ ದೇಶ, ಬೇರೆ ಭಾಷೆ, ಬೇರೆ ಹೆಸರು, ಚೆಂದವಿಲ್ಲದ ಮುಖ. ಅಂಥ ಹುಡುಗ ಯಾವ ಕೋಣೆಗೆ ಹೋದರೂ ಮೊದಲು ಎಲ್ಲರ ಕಣ್ಣು ನೋಡುತ್ತಾನೆ. ಅದನ್ನೇ ಗ್ಯಾಂಗ್‌ಸ್ಟರ್‌ಗಳಿಗೆ ಕೊಟ್ಟರು. ಪಿಸ್ತೂಲು ಸ್ಟುಡಿಯೋದವರು ಕೊಟ್ಟದ್ದು.

ಅದೇ ಸಿನಿಮಾದಲ್ಲಿ ಇನ್ನೊಂದು ಗಳಿಗೆ. ಸಾಕ್ಷಿ ಹೇಳಲು ಹೊರಟ ಹಳೆಯ ಗೆಳೆಯ ಜೋನನ್ನು ಕೊಲ್ಲಲು ರಿಕೋ ಬರುತ್ತಾನೆ. ಪಿಸ್ತೂಲು ಎತ್ತಿದ್ದಾನೆ, ಕ್ಯಾಮೆರಾ ಹತ್ತಿರ. ಕಣ್ಣು ತುಂಬುತ್ತದೆ. ಹೊಡೆಯಲು ಆಗುವುದಿಲ್ಲ, ಹಿಂದೆ ಹಿಂದೆ ಸರಿಯುತ್ತಾನೆ, ಮುಖ ಮಸುಕಾಗುತ್ತದೆ. ಗ್ಯಾಂಗ್‌ಸ್ಟರ್ ಅಂದರೆ ಬರೀ ಅಬ್ಬರ ಅಂದುಕೊಂಡವರು ಆ ಒಂದು ಶಾಟ್ ನೋಡಲಿ.

ಗೆದ್ದ ಮೇಲೆ ಅದೇ ಪಾತ್ರಗಳು ಸಾಲುಗಟ್ಟಿದವು. ವಾರ್ನರ್ ಬ್ರದರ್ಸ್ ಸ್ಟುಡಿಯೋ ಬಿಡಲಿಲ್ಲ. ನಡುನಡುವೆ ಬೇರೆಯದೂ ಸಿಕ್ಕಿತು: ಸಿಫಿಲಿಸ್‌ಗೆ ಔಷಧಿ ಕಂಡುಹಿಡಿದ ವಿಜ್ಞಾನಿ ಪಾಲ್ ಎಹ್ರ್‌ಲಿಕ್ ಪಾತ್ರವನ್ನು 1940ರಲ್ಲಿ ಮಾಡಿದರು, ಅದರ ಹಿಂದಿನ ವರ್ಷ ನಾಜಿ ಬೇಹುಗಾರರನ್ನು ಹಿಡಿಯುವ ಅಧಿಕಾರಿ. ಆದರೂ ಜನಕ್ಕೆ ಬೇಕಾಗಿದ್ದದ್ದು ರಿಕೋನೇ. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ಭೇಟಿ ಮಾಡಲು ಹೋದಾಗ ಮೊದಲು ಗಂಭೀರವಾಗಿ, ಮನಸ್ಸು ಬಿಚ್ಚಿ ಮಾತಾಡಿದರಂತೆ. ಸಭೆ ತಣ್ಣಗೆ ಕೂತಿತ್ತು. ಥಟ್ಟನೆ ಗ್ಯಾಂಗ್‌ಸ್ಟರ್ ದನಿಯಲ್ಲಿ ಗದರಿದ್ದೇ ತಡ, ಚಪ್ಪಾಳೆಯೋ ಚಪ್ಪಾಳೆ. ಹಿಟ್ಲರ್ ಎಂಥವನು ಅಂತ ತುಂಬ ಮೊದಲೇ ಅರಿತು ದುಡ್ಡು, ಸಮಯ ಎಲ್ಲ ಕೊಟ್ಟ ಯಹೂದಿ ಅವರು. ಆಕ್ರಮಣಕ್ಕೆ ಸಿಕ್ಕ ಯುರೋಪಿನ ಜನರಿಗಾಗಿ ಹಲವು ಭಾಷೆಗಳಲ್ಲಿ ರೇಡಿಯೋ ಭಾಷಣ ಮಾಡಿದರು. ಅಂಥವರು ಸೈನಿಕರ ಮುಂದೆ ಮತ್ತೆ ರೌಡಿಯಾಗಬೇಕಾಯಿತು.

ಈಗ ನನ್ನ ಅಚ್ಚುಮೆಚ್ಚಿನ ಪಾತ್ರಕ್ಕೆ ಬರುತ್ತೇನೆ. 1944ರ 'ಡಬಲ್ ಇಂಡೆಮ್ನಿಟಿ', ಬಿಲ್ಲಿ ವೈಲ್ಡರ್ ನಿರ್ದೇಶನ. ಇದರಲ್ಲಿ ರಾಬಿನ್ಸನ್ ಹೆಸರು ಬರುವುದು ಮೂರನೆಯದಾಗಿ. ಅಲ್ಲಿವರೆಗೆ ಮೊದಲ ಹೆಸರು ಅವರದೇ ಆಗಿದ್ದದ್ದರಿಂದ ಒಪ್ಪಲು ಹಿಂದೆಮುಂದೆ ನೋಡಿದರು. ವಯಸ್ಸು ಐವತ್ತಾಗಿದೆ, ಇನ್ನು ಪೋಷಕ ಪಾತ್ರಗಳತ್ತ ಹೊರಳಬೇಕು ಅಂತ ತೀರ್ಮಾನಿಸಿ ಒಪ್ಪಿಕೊಂಡರು. ಒಳ್ಳೆಯದೇ ಆಯಿತು.

ಪಾತ್ರ ಬಾರ್ಟನ್ ಕೀಸ್, ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿಯುವವನು. ಪಿಸ್ತೂಲಿಲ್ಲ, ಗ್ಯಾಂಗಿಲ್ಲ. ಒಂದು ಸಾವಿನ ಕ್ಲೇಮು ಬರುತ್ತದೆ, ಮೇಲಧಿಕಾರಿ ಅದನ್ನು ಆತ್ಮಹತ್ಯೆ ಅಂತ ತಳ್ಳಿಹಾಕಲು ನೋಡುತ್ತಾನೆ. ಆಗ ಕೀಸ್ ಆತ್ಮಹತ್ಯೆಯ ಲೆಕ್ಕ ಒಪ್ಪಿಸುತ್ತಾನೆ: ಕಸುಬಿನ ಪ್ರಕಾರ, ಋತುವಿನ ಪ್ರಕಾರ, ದಿನದ ಹೊತ್ತಿನ ಪ್ರಕಾರ, ವಿಷ ಕುಡಿದವರಲ್ಲಿ ಯಾವ ವಿಷ, ಹಾರಿದವರಲ್ಲಿ ಎಲ್ಲಿಂದ. ಉಸಿರು ತೆಗೆದುಕೊಳ್ಳುವುದೂ ಕಾಣುವುದಿಲ್ಲ. ಗ್ಯಾಂಗ್‌ಸ್ಟರ್ ಪಾತ್ರಗಳಲ್ಲಿ ಗುಂಡಿನಂತೆ ಹಾರಿಸುತ್ತಿದ್ದ ಅದೇ ಮಾತಿನ ಓಟ ಇಲ್ಲಿ ಕೆಲಸದ ಮೇಲಿನ ಪ್ರೀತಿಯಾಗಿ ಕೇಳಿಸುತ್ತದೆ. ಅಷ್ಟು ಹೊತ್ತೂ ನಮಗೆ ಗೊತ್ತು, ಕೊಲೆ ಮಾಡಿದವನು ಅದೇ ಕೋಣೆಯಲ್ಲಿದ್ದಾನೆ, ಕೀಸ್ ಮಗನಂತೆ ಹಚ್ಚಿಕೊಂಡ ನೆಫ್ ಅವನೇ.

ಬೆಂಕಿಕಡ್ಡಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಕೀಸ್ ಬಾಯಲ್ಲಿ ಸದಾ ಸಿಗಾರ್ ಇರುತ್ತದೆ, ಜೇಬಿನಲ್ಲಿ ಕಡ್ಡಿ ಇರುವುದಿಲ್ಲ. ತಡಕಾಡುತ್ತಾನೆ. ನೆಫ್ ಪ್ರತಿ ಸಲ ಉಗುರಿನಿಂದಲೇ ಕಡ್ಡಿ ಗೀರಿ ಹಚ್ಚಿಕೊಡುತ್ತಾನೆ. ಕೊನೆಯ ದೃಶ್ಯದಲ್ಲಿ ಗುಂಡೇಟು ತಿಂದು ಬಾಗಿಲ ಬಳಿ ಬಿದ್ದಿರುವವನು ನೆಫ್. ಅವನಿಗೆ ಕಡ್ಡಿ ಗೀರುವ ಶಕ್ತಿಯಿಲ್ಲ. ಈ ಸಲ ಅವನ ಸಿಗರೇಟಿಗೆ ಕೀಸ್ ಗೀರಿ ಹಚ್ಚುತ್ತಾನೆ. ಅಲ್ಲಿ ಮಾತು ಕಡಿಮೆ. ರಾಬಿನ್ಸನ್ ಮುಖದಲ್ಲಿ ಮೋಸ ಹೋದ ನೋವು, ಕರುಣೆ, ಕರ್ತವ್ಯ ಮೂರೂ ಒಟ್ಟಿಗೆ ಕಾಣುತ್ತವೆ. ಈ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಕೂಡ ಸಿಗಲಿಲ್ಲ. ಯಾವ ಪಾತ್ರಕ್ಕೂ ಸಿಗಲಿಲ್ಲ, ಬದುಕಿನುದ್ದಕ್ಕೂ ಒಂದೂ ಇಲ್ಲ.

ಮನೆಯಲ್ಲಿ ಅವರು ಹೇಗಿದ್ದರು ಅಂತ ಕೇಳುವವರಿಗೆ ಅವರ ಗೋಡೆಗಳ ಬಗ್ಗೆ ಹೇಳುತ್ತೇನೆ. ಸೆಜಾನ್, ವ್ಯಾನ್ ಗೋ, ರೆನ್ವಾ, ಡೆಗಾ ಅಂಥ ದೊಡ್ಡ ಚಿತ್ರಕಲಾವಿದರ ಚಿತ್ರಗಳೆಲ್ಲ ಅಲ್ಲಿದ್ದವು. ಅಮೆರಿಕದ ಒಳ್ಳೆಯ ಖಾಸಗಿ ಸಂಗ್ರಹಗಳಲ್ಲಿ ಅದೂ ಒಂದು. 1953ರಲ್ಲಿ ಅದರ ನಲವತ್ತು ಚಿತ್ರಗಳು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಪ್ರದರ್ಶನಗೊಂಡವು. ಸೆಜಾನ್ ಬರೆದ 'ಕಪ್ಪು ಗಡಿಯಾರ' ಅವರ ಬಳಿ ಇತ್ತು. ಆ ಗಡಿಯಾರಕ್ಕೆ ಮುಳ್ಳುಗಳೇ ಇಲ್ಲ. ತೆರೆಯ ಮೇಲೆ ಮುಳ್ಳು ತಿರುಗಿಸಿ ಪೊಲೀಸರನ್ನು ಯಾಮಾರಿಸಿದವರ ಮನೆಯಲ್ಲಿ ಆ ಚಿತ್ರ ಇತ್ತು ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುತ್ತದೆ. 1945ರ 'ಸ್ಕಾರ್ಲೆಟ್ ಸ್ಟ್ರೀಟ್'ನಲ್ಲಿ ಭಾನುವಾರ ಮಾತ್ರ ಚಿತ್ರ ಬರೆಯುವ ಕ್ಯಾಷಿಯರ್ ಆಗಿದ್ದಾರೆ. ಅವನ ಚಿತ್ರಗಳು ಇನ್ನೊಬ್ಬಳ ಹೆಸರಿನಲ್ಲಿ ಮಾರಾಟವಾಗುತ್ತವೆ. ಅದು ಗೊತ್ತಾದಾಗ ಅವನಿಗೆ ಸಿಟ್ಟು ಬರುವುದಿಲ್ಲ, ಯಾರೋ ಮೆಚ್ಚಿದರಲ್ಲ ಅಂತ ಮುಖ ಅರಳುತ್ತದೆ. ಇದನ್ನು ಬೇರೆ ಯಾರೂ ಹೀಗೆ ಮಾಡಲಾರರು.

1948ರಲ್ಲಿ ಮತ್ತೆ ಗ್ಯಾಂಗ್‌ಸ್ಟರ್ ಆದರು. 'ಕೀ ಲಾರ್ಗೋ'ದ ಜಾನಿ ರೋಕೋ ಮೊದಲು ಕಾಣಿಸುವುದು ಸ್ನಾನದ ತೊಟ್ಟಿಯಲ್ಲಿ, ಸಿಗಾರ್ ಸೇದುತ್ತಾ, ಫ್ಯಾನ್ ಹಾಕಿಕೊಂಡು. ದೇಶದಿಂದ ಹೊರದಬ್ಬಲ್ಪಟ್ಟ ಹಳೆಯ ಡಾನ್, ಕದ್ದು ವಾಪಸ್ ಬಂದಿದ್ದಾನೆ. ಮೂವತ್ತು ವರ್ಷಕ್ಕೂ ಜಾಸ್ತಿ ಇದ್ದ ದೇಶ ತನ್ನನ್ನು ಯಾವುದೋ ಕಮ್ಯುನಿಸ್ಟನ ಹಾಗೆ ಓಡಿಸಿತಲ್ಲ ಅಂತ ಅವನ ಗೋಳು. ಚಂಡಮಾರುತ ಬಂದಾಗ ಅವನೇ ಎಲ್ಲರಿಗಿಂತ ಜಾಸ್ತಿ ನಡುಗುತ್ತಾನೆ.

ಆ ಗೋಳು ರಾಬಿನ್ಸನ್ ಅವರದೇ ಆಯಿತು. ಅವರ ಹೆಸರು ಕಮ್ಯುನಿಸ್ಟ್ ಪರ ಇರುವವರ ಪಟ್ಟಿಗೆ ಸೇರಿತು. ಅವರು ದೇಣಿಗೆ ಕೊಟ್ಟ ನೂರಾರು ಸಂಘಗಳಲ್ಲಿ ಕೆಲವು ಆಗ ಅನುಮಾನಕ್ಕೆ ಗುರಿಯಾಗಿದ್ದವು. 1950ರಿಂದ 1952ರೊಳಗೆ ಮೂರು ಸಲ ಅಮೆರಿಕದ ಕೆಳಮನೆಯ ವಿಚಾರಣಾ ಸಮಿತಿ ಮುಂದೆ ಹೋಗಿ ನಿಂತರು, ತಾವಾಗಿಯೇ ಹೋದರು. ತಾನು ಕಮ್ಯುನಿಸ್ಟ್ ಅಲ್ಲ ಅಂದರೆ ಸಾಲಲಿಲ್ಲ. ಮೋಸ ಹೋದೆ ಅಂತ ಒಪ್ಪಿಕೊಳ್ಳುವವರೆಗೆ ಬಿಡಲಿಲ್ಲ, ಅದನ್ನೇ ಲೇಖನವಾಗಿಯೂ ಬರೆಯಬೇಕಾಯಿತು. ಗೌರವಕ್ಕಾಗಿ ಬದುಕಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ. ಒಳ್ಳೆಯ ಪಾತ್ರಗಳು ನಿಂತವು, ಸಣ್ಣ ಬಜೆಟ್ಟಿನ ಸಿನಿಮಾಗಳಷ್ಟೇ ಉಳಿದವು. ವಿಚ್ಛೇದನಕ್ಕಾಗಿ ಗೋಡೆಯ ಮೇಲಿದ್ದ ಆ ಚಿತ್ರಗಳನ್ನು ಮಾರಬೇಕಾಯಿತು. 1957ರಲ್ಲಿ ಗ್ರೀಸಿನ ಹಡಗು ವ್ಯಾಪಾರಿ ನಿಯಾರ್ಕೋಸ್ ಮೂವತ್ತು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಕೊಂಡರು. ರಾಬಿನ್ಸನ್ ಮತ್ತೆ ಮೊದಲಿನಿಂದ ಚಿತ್ರ ಕೂಡಿಸಲು ಶುರು ಮಾಡಿದರು.

ನಿರ್ದೇಶಕ ಸಿಸಿಲ್ ಬಿ. ಡಿಮಿಲ್ 1956ರ 'ದಿ ಟೆನ್ ಕಮಾಂಡ್‌ಮೆಂಟ್ಸ್'ನಲ್ಲಿ ಪಾತ್ರ ಕೊಟ್ಟು ಅವರನ್ನು ದೊಡ್ಡ ಸಿನಿಮಾಗಳಿಗೆ ಮರಳಿ ಕರೆತಂದರು. ಆ ಉಪಕಾರವನ್ನು ರಾಬಿನ್ಸನ್ ಕೊನೆವರೆಗೂ ನೆನೆದರು. 1965ರ 'ದಿ ಸಿನ್ಸಿನಾಟಿ ಕಿಡ್'ನಲ್ಲಿ ಇಸ್ಪೀಟಿನ ಹಳೆಯ ಹುಲಿಯಾಗಿ ಸ್ಟೀವ್ ಮೆಕ್ವೀನ್ ಎದುರು ಕೂತು ಆಡಿದ್ದು ನೋಡುವಂತಿದೆ. 'ಸಾಯ್ಲೆಂಟ್ ಗ್ರೀನ್' ಕೊನೆಯದು. ಅದು ತೆರೆಗೆ ಬರುವ ಮೊದಲೇ, 1973ರ ಜನವರಿ 26ರಂದು, ಕ್ಯಾನ್ಸರ್‌ನಿಂದ ತೀರಿಕೊಂಡರು. ಎರಡು ತಿಂಗಳ ನಂತರ ಗೌರವ ಆಸ್ಕರ್ ಕೊಟ್ಟರು, ಹೆಂಡತಿ ಜೇನ್ ಸ್ವೀಕರಿಸಿದರು. ಇಷ್ಟು ತಡ ಮಾಡಿದ್ದಕ್ಕೆ ನನಗೆ ಇವತ್ತಿಗೂ ಕೋಪ ಇದೆ.

ಈ ಪ್ರಶ್ನೆ ನಿಮ್ಮ ತಲೆಯಲ್ಲೂ ಇದ್ದರೆ ಮೊದಲು ಜಾನ್ ಫೋರ್ಡ್ ಅವರ 1935ರ 'ದಿ ಹೋಲ್ ಟೌನ್ಸ್ ಟಾಕಿಂಗ್' ನೋಡಿ. ಅದರಲ್ಲಿ ರಾಬಿನ್ಸನ್ ಅವರದು ಡಬಲ್ ರೋಲ್. ಒಬ್ಬ ಪುಕ್ಕಲು ಗುಮಾಸ್ತ, ಇನ್ನೊಬ್ಬ ಅವನಂತೆಯೇ ಕಾಣುವ ಕೊಲೆಗಡುಕ. ಇಬ್ಬರೂ ಒಂದೇ ಫ್ರೇಮಿನಲ್ಲಿ ಬಂದಾಗಲೂ ಯಾರು ಯಾರು ಅಂತ ಗೊಂದಲ ಆಗುವುದಿಲ್ಲ. ಭುಜ ಎಲ್ಲಿದೆ, ಕಣ್ಣು ಎಲ್ಲಿ ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ. ಆಮೇಲೆ 'ಲಿಟಲ್ ಸೀಸರ್' ನೋಡಿ, ಅದಾದ ಮೇಲೆ ತಡ ಮಾಡದೆ 'ಡಬಲ್ ಇಂಡೆಮ್ನಿಟಿ'. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಕೀಸ್ ಮಾತಿನ ವೇಗಕ್ಕೆ ಅದು ಬೇಕಾಗುತ್ತದೆ.