ಗೋಡೆಯ ಮಧ್ಯದಲ್ಲಿ ನಿಲ್ಲಬೇಡಿ

ಸಾರ್ವಜನಿಕ ಈಜುಕೊಳದಲ್ಲಿ ಹಗ್ಗ ಕಟ್ಟಿ ಬೇರೆ ಮಾಡಿದ ಒಂದೇ ಪಟ್ಟಿಯಲ್ಲಿ, ಅಂದರೆ ಲೇನ್‌ನಲ್ಲಿ, ನಾಲ್ಕೈದು ಜನ ಆರಾಮಾಗಿ ಈಜಬಹುದು. ತೊಂದರೆ ಶುರುವಾಗುವುದು ಒಬ್ಬೊಬ್ಬರು ಒಂದೊಂದು ಲೆಕ್ಕದಲ್ಲಿ ಈಜಿದಾಗ. ಫ್ರೀಸ್ಟೈಲ್ ಹೊಡೆಯುವವರ ಮುಖ ನೀರೊಳಗೇ ಇರುತ್ತದೆ, ಕಣ್ಣಿಗೆ ಕಾಣುವುದು ತಳದ ಕಪ್ಪು ಗೆರೆ ಅಷ್ಟೇ, ಉಸಿರಿಗೆ ತಲೆ ತಿರುಗಿಸಿದರೂ ಪಕ್ಕದ ಹಗ್ಗ ಕಾಣುತ್ತದೆಯೇ ಹೊರತು ಎದುರಿಗೆ ಬರುವವರು ಕಾಣುವುದಿಲ್ಲ. ಕೂಗಿದರೆ ಕೇಳಿಸುವುದೂ ಇಲ್ಲ. ಅಂಗಾತ ಈಜುವ ಬ್ಯಾಕ್‌ಸ್ಟ್ರೋಕ್‌ನವರಿಗಂತೂ ಹೋಗುವ ದಿಕ್ಕಿಗೇ ಬೆನ್ನು. ಹಾಗಾಗಿ ಲೇನ್‌ನಲ್ಲಿರುವ ಉಳಿದವರು ಎಲ್ಲಿರುತ್ತಾರೆ, ಏನು ಮಾಡುತ್ತಾರೆ ಅನ್ನುವುದು ಮೊದಲೇ ಗೊತ್ತಿರಬೇಕು.

ಇಬ್ಬರೇ ಇದ್ದರೆ ಸುಲಭ. ಎಡಗಡೆ ಒಬ್ಬರು, ಬಲಗಡೆ ಒಬ್ಬರು. ಮೂರನೆಯವರು ಬಂದ ಕೂಡಲೇ ಇದು ನಡೆಯುವುದಿಲ್ಲ, ಎಲ್ಲರೂ ಸುತ್ತು ಹಾಕಿ ಈಜಬೇಕು, ಅಂದರೆ ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ. ಯಾವ ಬದಿ ಅನ್ನುವುದು ಊರಿಂದೂರಿಗೆ ಬೇರೆ. ಅಮೆರಿಕದಲ್ಲಿ ಬಲ, ಆಸ್ಟ್ರೇಲಿಯಾದಲ್ಲಿ ಎಡ. ಬ್ರಿಟನ್ನಿನ ಎಷ್ಟೋ ಕೊಳಗಳಲ್ಲಿ ಒಂದು ಲೇನ್ ಗಡಿಯಾರದ ದಿಕ್ಕಿಗೆ, ಪಕ್ಕದ್ದು ಅದರ ಉಲ್ಟಾ. ಹಾಗೆ ಮಾಡಿದರೆ ಹಗ್ಗದ ಆಚೀಚೆ ಇರುವವರು ಒಂದೇ ಕಡೆಗೆ ಸಾಗುತ್ತಾರೆ, ಕೈಗೆ ಕೈ ಬಡಿಯುವುದು ಕಡಿಮೆ. ಬೋರ್ಡ್ ಇದ್ದರೆ ಓದಿ. ಇಲ್ಲದಿದ್ದರೆ ದಡದಲ್ಲಿ ಒಂದು ನಿಮಿಷ ನಿಂತು ನೋಡಿ, ಯಾರು ಯಾವ ಕಡೆ ಹೋಗುತ್ತಿದ್ದಾರೆ, ಎಷ್ಟು ಜೋರಾಗಿ ಹೋಗುತ್ತಿದ್ದಾರೆ ಎರಡೂ ಗೊತ್ತಾಗುತ್ತದೆ. ಆಮೇಲೆ ಮೂಲೆಯಲ್ಲಿ ಕಾಲು ಇಳಿಬಿಟ್ಟು ಕೂತು, ಒಳಗಿರುವವರು ನಿಮ್ಮನ್ನು ನೋಡಿದ ಮೇಲೆ ಇಳಿಯಿರಿ. ಧುಮುಕಲೇಬೇಡಿ.

ನನಗೆ ಜಾಸ್ತಿ ಸಿಟ್ಟು ಬರುವುದು ಗೋಡೆಯ ಹತ್ತಿರ. ಸುಸ್ತಾದವರು ಸೀದಾ ಕಪ್ಪು ಗೆರೆಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು ನಿಂತು, ಗಾಗಲ್ಸ್ ತೆಗೆದು ನೀರು ಚೆಲ್ಲಿ, ಪಟ್ಟಿ ಎಳೆದು ಮತ್ತೆ ಹಾಕಿಕೊಳ್ಳುತ್ತಿರುತ್ತಾರೆ. ಅಷ್ಟರಲ್ಲಿ ಇನ್ನೊಬ್ಬರು ಟರ್ನ್ ಮಾಡಲು, ಅಂದರೆ ನೀರೊಳಗೆ ಲಾಗ ಹಾಕಿ ಗೋಡೆಗೆ ಕಾಲೊದ್ದು ವಾಪಸ್ ತಿರುಗಲು ಬರುತ್ತಾರೆ. ಅವರ ಎರಡು ಪಾದಕ್ಕೂ ಜಾಗ ಬೇಕಾಗಿರುವುದು ಅದೇ ಮಧ್ಯದ ಗೋಡೆ. ಸಿಗದಿದ್ದರೆ ಹೊಟ್ಟೆಗೇ ಒದೆ ಬೀಳುತ್ತದೆ, ಅಲ್ವಾ? ಮೂಲೆಗೆ ಸರಿದು ಹಗ್ಗಕ್ಕೆ ಅಂಟಿಕೊಂಡು ನಿಂತರೆ ಮೂರು ಜನ ಒಟ್ಟಿಗೆ ಸುಧಾರಿಸಿಕೊಂಡರೂ ಟರ್ನ್ ಮಾಡುವವರಿಗೆ ಅಡ್ಡಿಯಿಲ್ಲ. ಮಾತಾಡುವುದು ಜಾಸ್ತಿ ಇದ್ದರೆ ದಯವಿಟ್ಟು ಮೇಲೆ ಹತ್ತಿ.

ಹಿಂದಿಕ್ಕುವುದಕ್ಕೂ ಗೋಡೆಯೇ ಸರಿಯಾದ ಜಾಗ. ಮುಂದಿನವರ ಪಾದವನ್ನು ಮೆತ್ತಗೆ ಒಂದು ಸಲ ಮುಟ್ಟಿ, ಸಾಕು. ಮುಟ್ಟಿಸಿಕೊಂಡವರು ನಡುನೀರಲ್ಲಿ ಗಾಬರಿಯಾಗಿ ನಿಲ್ಲಬೇಕಿಲ್ಲ, ಹಾಗೇ ಗೋಡೆವರೆಗೆ ಈಜಿ ಮೂಲೆಯಲ್ಲಿ ನಿಂತು ಅವರನ್ನು ಬಿಟ್ಟರಾಯಿತು. ಬಿಟ್ಟ ಮೇಲೆ ಐದು ಸೆಕೆಂಡ್ ತಡೆದು ಹೊರಡಿ. ಮತ್ತೆ ಒಂದು ಮಾತು, ನಿಧಾನ ಈಜುವುದು ತಪ್ಪಲ್ಲ. ಜೋರಾಗಿ ಈಜುವವರ ಬಾಯಲ್ಲಿ ‘ಪಕ್ಕದ ಲೇನ್‌ಗೆ ಹೋಗಿ’ ಅನ್ನುವ ಮಾತು ಬಹಳ ಬೇಗ ಬರುತ್ತದೆ, ಅದು ಕೇಳಿ ಹೊಸಬರು ಕೊಳಕ್ಕೆ ಬರುವುದನ್ನೇ ನಿಲ್ಲಿಸುತ್ತಾರೆ. ಕೇಳದೆ ಕೋಚಿಂಗ್ ಕೊಡಲು ಹೋಗುವವರೂ ಇದ್ದಾರೆ, ಅದೂ ಬೇಡ.

ಎರಡೂ ತೋಳು ಒಟ್ಟಿಗೆ ಬೀಸಿ ಈಜುವ ಬಟರ್‌ಫ್ಲೈ ವಿಷಯ ಬೇರೆ. ಎರಡೂ ತೋಳು ಚಾಚಿದರೆ ಅಗಲ ಹೆಚ್ಚುಕಡಿಮೆ ನಮ್ಮ ಎತ್ತರದಷ್ಟೇ ಆಗುತ್ತದೆ, ಒಲಿಂಪಿಕ್ ಕೊಳದ ಲೇನ್ ಇರುವುದೇ 2.5 ಮೀಟರ್. ಎದುರಿಗೆ ಯಾರಾದರೂ ಬಂದರೆ ಜಾಗ ಎಲ್ಲಿ? ತುಂಬಿದ ಲೇನ್‌ನಲ್ಲಿ ಅವರು ದಾಟುವವರೆಗೆ ಫ್ರೀಸ್ಟೈಲ್‌ಗೆ ಬದಲಿಸಿ, ಇಲ್ಲವೇ ಒಂದೇ ಕೈಯಲ್ಲಿ ಹೊಡೆಯಿರಿ.

ಇನ್ನು ಸ್ನಾನ. ಕೊಳದ ಹತ್ತಿರ ಮೂಗಿಗೆ ಅಡರುವ ಆ ಘಾಟು ಶುದ್ಧ ಕ್ಲೋರಿನ್‌ದಲ್ಲ. ನಮ್ಮ ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ನದು. ಕಣ್ಣು ಉರಿಸುವುದೂ, ಕೆಮ್ಮು ಬರಿಸುವುದೂ ಅದೇ. ಇಳಿಯುವ ಮೊದಲು ಶವರ್ ಕೆಳಗೆ ಒಂದು ನಿಮಿಷ ಮೈ ತೊಳೆದುಕೊಂಡರೂ ಕೊಳೆ ಬಹುಪಾಲು ಹೋಗುತ್ತದೆ. ಕೂದಲಿಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ, ಕ್ಯಾಪ್ ಹಾಕಿದ್ದರೂ ಸರಿ.