ಟಿ2ನಲ್ಲಿ ಬಿಳಿ, ಫ್ಲೇರ್‌ನಲ್ಲಿ ಕಪ್ಪು

ಮಡಿಕೇರಿ, 24 ಜುಲೈ 2025, ಗುರುವಾರ

ಕಕ್ಕಡ ತಿಂಗಳ ಮಳೆ ಬಿಟ್ಟಿಲ್ಲ, ಕರೆಂಟು ಬಂದು ಹೋಗುತ್ತಿದೆ. ಬ್ಯಾಟರಿ ಇರುವಷ್ಟು ಹೊತ್ತಿನಲ್ಲಿ ಇಷ್ಟು.

ಮೈಸೂರಿಗೋ ಮಂಗಳೂರಿಗೋ ಹೋಗಿ ತಲೆಯ ಎಂಆರ್‌ಐ ಮಾಡಿಸಿಕೊಂಡು ಬಂದ ಮನೆಯವರದು ಒಂದೇ ಪ್ರಶ್ನೆ: ಆಪರೇಷನ್ ಇಲ್ಲದೆ ಗಡ್ಡೆಯ ಜಾತಿ ಗೊತ್ತಾಗಲ್ವಾ? ಕೇಳುವುದರಲ್ಲಿ ಅರ್ಥವಿದೆ. 2021ರ ಡಬ್ಲ್ಯುಎಚ್‌ಒ ವರ್ಗೀಕರಣದ ನಂತರ ಗ್ಲಯೋಮಾದ (ಮಿದುಳಿನ ಆಧಾರ ಕೋಶಗಳ ಗಡ್ಡೆ) ಹೆಸರನ್ನೇ ಜೀನ್ ನೋಡಿ ಇಡುತ್ತಾರೆ. ಐಡಿಎಚ್ ಜೀನ್ ಬದಲಾಗಿದ್ದರೆ ಆಸ್ಟ್ರೋಸೈಟೋಮಾ; ಅದರ ಜೊತೆಗೆ 1ಪಿ, 19ಕ್ಯೂ ಎಂಬ ಕ್ರೋಮೋಸೋಮ್ ತೋಳುಗಳು ಎರಡೂ ಕಳೆದುಹೋಗಿದ್ದರೆ ಆಲಿಗೋಡೆಂಡ್ರೋಗ್ಲಯೋಮಾ. ದೊಡ್ಡವರಲ್ಲಿ ಗ್ಲಯೋಬ್ಲಾಸ್ಟೋಮಾ, ಅಂದರೆ ಇವುಗಳಲ್ಲಿ ಅತಿ ಉಗ್ರವಾದದ್ದು, ಅನ್ನಬೇಕಾದರೆ ಐಡಿಎಚ್ ಬದಲಾಗಿರಬಾರದು.

ಚಿತ್ರದಲ್ಲಿ ಕಾಣುವ ಗುರುತುಗಳಲ್ಲಿ ನಾನು ಹೆಚ್ಚು ನೆಚ್ಚುವುದು ಟಿ2–ಫ್ಲೇರ್ ವ್ಯತ್ಯಾಸ. ಟಿ2, ಫ್ಲೇರ್ ಎರಡೂ ಒಂದೇ ಎಂಆರ್‌ಐನಲ್ಲಿ ತೆಗೆಯುವ ಬೇರೆ ಬೇರೆ ಬಗೆಯ ಚಿತ್ರಗಳು. ಟಿ2ನಲ್ಲಿ ಗಡ್ಡೆ ಇಡೀ ಒಂದೇ ಸಮ ಬೆಳ್ಳಗೆ. ಫ್ಲೇರ್‌ನಲ್ಲಿ ಅದೇ ಜಾಗದ ಹೊಟ್ಟೆ ಕಪ್ಪಾಗಿ, ಅಂಚಿನಲ್ಲಿ ಮಾತ್ರ ತೆಳ್ಳನೆಯ ಬಿಳಿ ಬಳೆ. ಫ್ಲೇರ್ ಇರುವುದೇ ನೀರಿನ ಸಿಗ್ನಲ್ ಅಡಗಿಸಲು. ಈ ಗಡ್ಡೆಯೊಳಗೆ ಸಣ್ಣ ಸಣ್ಣ ನೀರ್ಗುಳ್ಳೆಗಳಿದ್ದರೆ ಅದರ ಸಿಗ್ನಲ್ಲೂ ಅಡಗುತ್ತದೆ. ದೊಡ್ಡವರಲ್ಲಿ ಇದು ಸರಿಯಾಗಿ ಕಂಡರೆ ಐಡಿಎಚ್ ಬದಲಾದ ಆಸ್ಟ್ರೋಸೈಟೋಮಾ ಅಂತ ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಕಾಣದಿದ್ದರೆ ಏನೂ ಹೇಳಲಾಗದು. ಕಾಫಿ ಕಾಂಡದ ಮೇಲೆ ಉಬ್ಬುಗೆರೆ ಎದ್ದಿದ್ದರೆ ಒಳಗೆ ಕಾಂಡಕೊರಕ ಇದ್ದೇ ಇದೆ ಅನ್ನುತ್ತೇವೆ, ಗೆರೆ ಇಲ್ಲ ಅಂತ ಹುಳ ಇಲ್ಲ ಅನ್ನುತ್ತೇವೆಯೇ?

ಎಡವುವುದು ಎಲ್ಲಿ ಅಂದರೆ, ಸಿಸ್ಟ್, ಕೊಳೆತ ಭಾಗ, ಹಳೆ ಆಪರೇಷನ್ನಿನ ಕುಳಿ ಇವೂ ಫ್ಲೇರ್‌ನಲ್ಲಿ ಕಪ್ಪೇ. ಮಕ್ಕಳ ಕೆಲವು ಗಡ್ಡೆಗಳೂ ಹಾಗೇ ಕಂಡು ಮೋಸ ಮಾಡುತ್ತವೆ. ಮೆಷಿನ್ನಿನಲ್ಲಿ ನೀರಿನ ಸಿಗ್ನಲ್ ಅಡಗಿಸಲು ಇಡುವ ಇನ್ವರ್ಷನ್ ಟೈಮ್ ಬದಲಾದರೆ ಕಪ್ಪಿನ ಮಟ್ಟವೂ ಬದಲಾಗುತ್ತದೆ. 5 ಮಿ.ಮೀ. ದಪ್ಪದ ಸ್ಲೈಸ್, ನಡುವೆ ಬಿಟ್ಟ ಅಂತರ ಬೇರೆ: ತೆಳು ಬಳೆ ಅದರಲ್ಲೇ ಮಾಯ. 1 ಮಿ.ಮೀ. 3ಡಿ ಫ್ಲೇರ್ ಕೇಳಿ ಮಾಡಿಸಿದರೆ ಒಳ್ಳೆಯದು.

ಅದೇ ಮೆಷಿನ್ನಿನಲ್ಲಿ ಗಡ್ಡೆಯ ರಾಸಾಯನಿಕಗಳನ್ನು ಗ್ರಾಫ್ ಮಾಡಿ ತೋರಿಸುವ ಸ್ಪೆಕ್ಟ್ರೋಸ್ಕೋಪಿ ಇನ್ನೂ ನೇರ ದಾರಿ, ಆದರೆ ಮುಂಗೋಪಿ. ಬದಲಾದ ಐಡಿಎಚ್ ಕಿಣ್ವ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ವಸ್ತುವನ್ನು ರಾಶಿ ಹಾಕುತ್ತದೆ. ಆರೋಗ್ಯವಂತ ಮಿದುಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅದರ ಶಿಖರ ಗ್ರಾಫಿನ ಅಡ್ಡಗೆರೆಯ 2.25 ಪಿಪಿಎಂನಲ್ಲಿ, ಮಿದುಳಿನಲ್ಲಿ ಮಾಮೂಲಾಗಿ ಇರುವ ಗ್ಲುಟಮೇಟ್, ಗ್ಲುಟಮಿನ್‌ಗಳ ಪಕ್ಕದಲ್ಲೇ ಒತ್ತಿಕೊಂಡು ನಿಲ್ಲುತ್ತದೆ. ರೂಢಿಯ 30 ಮಿಲಿಸೆಕೆಂಡ್ ಎಕೋ ಟೈಮ್‌ನಲ್ಲಿ (ಸಿಗ್ನಲ್ ಹಿಡಿಯುವ ಮೊದಲು ಕಾಯುವ ಹೊತ್ತು) ಎಲ್ಲ ಕಲಸಿಹೋಗುತ್ತದೆ, 3 ಟೆಸ್ಲಾ ಮೆಷಿನ್ನಿನಲ್ಲಿ 97 ಮಿಲಿಸೆಕೆಂಡ್ ಇಟ್ಟರೆ ಬಿಡಿಸಿ ನೋಡಬಹುದು. ಅಳೆಯುವ ಜಾಗಕ್ಕೆ 2×2×2 ಸೆಂ.ಮೀ. ಪೆಟ್ಟಿಗೆ ಇಟ್ಟರೆ 8 ಮಿ.ಲೀ.; ಅಷ್ಟು ಗಟ್ಟಿ ಗಡ್ಡೆಯೇ ಇಲ್ಲದಿದ್ದರೆ, ಹತ್ತಿರ ರಕ್ತಸ್ರಾವವೋ ಮೂಳೆಯೋ ಇದ್ದರೆ, ಗ್ರಾಫ್ ನಂಬಬೇಡಿ.

ಇನ್ನು ಕಂಪ್ಯೂಟರ್: ಹಳೆ ಸ್ಕ್ಯಾನ್‌ಗಳಿಂದ ಕಲಿತ ಮಾಡೆಲ್ ಕೈಲಿ ಜೀನ್ ಊಹಿಸುವುದು. ಟಿ1, ಕಾಂಟ್ರಾಸ್ಟ್ ಕೊಟ್ಟ ಟಿ1, ಟಿ2, ಫ್ಲೇರ್ ನಾಲ್ಕನ್ನೂ ಒಂದರ ಮೇಲೊಂದು ಕೂರಿಸಿ, 1 ಮಿ.ಮೀ. ಘನಕ್ಕೆ ತಂದು, ತಲೆಬುರುಡೆ ತೆಗೆದು, ಹೊಳಪನ್ನು ಒಂದು ಅಳತೆಗೆ ಸರಿಪಡಿಸಿ, ಗಡ್ಡೆಯ ಗಡಿ ಎಳೆದ ಮೇಲೆ ಮಾಡೆಲ್‌ಗೆ ಕೊಡುವುದು. ಗಡಿಯನ್ನು ಒಮ್ಮೆ ಕಣ್ಣಾರೆ ನೋಡಲೇಬೇಕು. ಬುರುಡೆ ತೆಗೆಯುವಾಗ ಹೊರಮೈಗೆ ಅಂಟಿದ ಗಡ್ಡೆಯ ತುಂಡೂ ಹೋಗಿರುತ್ತದೆ.

ಸಂಶೋಧನಾ ಲೇಖನದಲ್ಲಿ ಇಂಥ ಮಾಡೆಲ್‌ಗೆ ದೊಡ್ಡ ಅಂಕ ಕಂಡಾಗ ನಾನು ಮೊದಲು ಹುಡುಕುವುದು ರೋಗಿಗಳನ್ನು ಹೇಗೆ ಪಾಲು ಮಾಡಿದ್ದಾರೆ ಅಂತ. ಒಬ್ಬರ ಸ್ಕ್ಯಾನಿನ 155 ಸ್ಲೈಸ್‌ಗಳಲ್ಲಿ ಅರ್ಧ ಪಾಠಕ್ಕೆ, ಅರ್ಧ ಪರೀಕ್ಷೆಗೆ ಹೋಗಿದ್ದರೆ ಅದು ಪ್ರಶ್ನೆಪತ್ರಿಕೆ ಬಯಲಾದ ಪರೀಕ್ಷೆ. ಎರಡನೆಯದು ವಯಸ್ಸು. ಐಡಿಎಚ್ ಬದಲಾವಣೆ ಕಿರಿಯರಲ್ಲಿ ಹೆಚ್ಚು. ಮಾಡೆಲ್ ಗಡ್ಡೆಯ ಗೊಡವೆಗೇ ಹೋಗದೆ, ವಯಸ್ಸಿಗೆ ಮಿದುಳು ಎಷ್ಟು ಸೊರಗಿದೆ ಅಂತ ನೋಡಿ ಉತ್ತರ ಬರೆದಿರಬಹುದು!

ಎಂಜಿಎಂಟಿ ಮೆಥೈಲೇಷನ್, ಅಂದರೆ ಆ ಹೆಸರಿನ ಜೀನ್‌ಗೆ ರಾಸಾಯನಿಕ ಬೀಗ ಬಿದ್ದಿದೆಯೇ ಅನ್ನುವುದು, ಬೇರೆಯೇ ಕಥೆ. ಟೆಮೊಜೊಲೊಮೈಡ್ ಎಂಬ ಕೀಮೋ ಔಷಧಿ ಎಷ್ಟು ನಾಟುತ್ತದೆ ಅನ್ನುವುದಕ್ಕೆ ಇದು ಬೇಕು. 2021ರಲ್ಲಿ ಇದಕ್ಕಂತಲೇ ಕ್ಯಾಗಲ್ ಎಂಬ ಜಾಲತಾಣದಲ್ಲಿ ಸ್ಪರ್ಧೆ ನಡೆಯಿತು, ಕಲಿಯಲು 585 ರೋಗಿಗಳ ಸ್ಕ್ಯಾನ್ ಕೊಟ್ಟಿದ್ದರು. ಗೆದ್ದ ಮಾಡೆಲ್‌ನ ಎಯುಸಿ (ತಪ್ಪೇ ಇಲ್ಲದಿದ್ದರೆ 1 ಬರುವ ಅಂಕ) ಸುಮಾರು 0.62. ನಾಣ್ಯ ಚಿಮ್ಮಿದರೆ 0.5. ಯಾರಾದರೂ ಎಂಆರ್‌ಐ ನೋಡಿಯೇ ಎಂಜಿಎಂಟಿ ಹೇಳುತ್ತೇವೆ ಅಂದರೆ ಕಾಫಿ ಕೊಟ್ಟು ಕಳಿಸಿ.

ಹಾಗಾಗಿ ಮನೆಯವರಿಗೆ ಉತ್ತರ: ಸ್ಕ್ಯಾನ್ ಆಪರೇಷನ್ನಿನ ಯೋಜನೆಗೆ ದಾರಿ ತೋರಿಸುತ್ತದೆ, ಬಯಾಪ್ಸಿಯನ್ನು ತಪ್ಪಿಸುವುದಿಲ್ಲ. 2024ರ ಆಗಸ್ಟ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿದ ವೊರಾಸಿಡೆನಿಬ್ ಮಾತ್ರೆಗೂ ಗ್ರೇಡ್ 2 (ನಿಧಾನ ಬೆಳೆಯುವ ಗಡ್ಡೆ), ಐಡಿಎಚ್ ಬದಲಾವಣೆ ಎರಡೂ ಖಚಿತವಾಗಿರಬೇಕು. ಬಯಾಪ್ಸಿ ತುಂಡಿನಲ್ಲಿ ಮೊದಲು ಆರ್132ಎಚ್ (ಐಡಿಎಚ್‌ನ ಅತಿ ಸಾಮಾನ್ಯ ಬದಲಾವಣೆ) ಹಿಡಿಯುವ ಬಣ್ಣದ ಪರೀಕ್ಷೆ. ಐಡಿಎಚ್ ಬದಲಾವಣೆಗಳಲ್ಲಿ ಸುಮಾರು ಶೇ. 90 ಅದರಲ್ಲೇ ಸಿಗುತ್ತವೆ. 55ಕ್ಕಿಂತ ಕಿರಿಯರಲ್ಲಿ ನೆಗೆಟಿವ್ ಬಂದರೆ ಅಲ್ಲಿಗೆ ನಿಲ್ಲಿಸದೆ ಜೀನನ್ನೇ ಓದುವ ಸೀಕ್ವೆನ್ಸಿಂಗ್ ಕೇಳಿ.

ಬರುವಾಗ ಫಿಲ್ಮ್ ಮಾತ್ರ ತರಬೇಡಿ, ಅದರ ಹೊಳಪನ್ನು ಯಾರೂ ತಿದ್ದಲಾಗದು. ಡೈಕಾಮ್ (ಸ್ಕ್ಯಾನಿನ ಮೂಲ ಚಿತ್ರ) ಫೈಲುಗಳಿರುವ ಸಿ.ಡಿ. ಕೇಳಿ, ಅಲ್ಲೇ ಕೌಂಟರಿನಲ್ಲಿ ತೆರೆದು ಫ್ಲೇರ್ ಇದೆಯಾ ನೋಡಿ, ಪೆನ್ ಡ್ರೈವ್‌ಗೂ ಹಾಕಿಸಿಕೊಳ್ಳಿ. ಈ ತೇವದಲ್ಲಿ ಸಿ.ಡಿ.ಗೆ ಬೂಷ್ಟು ಹಿಡಿಯಲು ಒಂದು ಮಳೆಗಾಲ ಸಾಕು.