ಮೊದಲ ಡರ್ಟ್ ಬೈಕ್ 450 ಸಿಸಿಯದ್ದೇ ಆಗಬೇಕೇ?

ಡರ್ಟ್ ಬೈಕ್, ಅಂದರೆ ಮಣ್ಣು ಕಲ್ಲಿನ ದಾರಿಯಲ್ಲಿ ಓಡಿಸುವ ಬೈಕ್, ಕಲಿಯಲು ಹೊರಟ ನಮ್ಮ ಚಿಕ್ಕಮಗಳೂರು ಕಡೆಯ ಹುಡುಗರು ಮೊಟ್ಟಮೊದಲು ಕೇಳುವುದು ಸಿಸಿ (ಎಂಜಿನ್ನಿನ ಗಾತ್ರ) ಎಷ್ಟಿರಬೇಕು ಎಂದು. ರಾಷ್ಟ್ರೀಯ ಮಟ್ಟದ ಕಾರ್ ರ‍್ಯಾಲಿಗಳು ಇಲ್ಲಿನ ಕಾಫಿ ತೋಟಗಳ ಮಣ್ಣು ರಸ್ತೆಗಳಲ್ಲೇ ನಡೆದಿರುವುದರಿಂದ ಧೂಳೆಬ್ಬಿಸಿ ಓಡುವ ಆಸೆ ಈ ಊರಿಗೆ ಹೊಸದಲ್ಲ, ಆ ಆಸೆಯ ಬಗ್ಗೆ ನನಗೆ ಗೌರವವೂ ಇದೆ. ಆದರೆ ಡಾಂಬರು ರಸ್ತೆಯಲ್ಲಿ ಮಾತ್ರ ಗಾಡಿ ಓಡಿಸಿ ಗೊತ್ತಿರುವವರು ಮೊದಲ ಡರ್ಟ್ ಬೈಕಾಗಿ 450 ಸಿಸಿಯ ಮೋಟೋಕ್ರಾಸ್ ಬೈಕನ್ನು, ಅಂದರೆ ಮಣ್ಣಿನ ಟ್ರ್ಯಾಕಿನ ಸ್ಪರ್ಧೆಗೆಂದೇ ಮಾಡಿದ ಬೈಕನ್ನು, ಕೊಳ್ಳಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಸಿಸಿ ಎಂಬ ಒಂದೇ ಸಂಖ್ಯೆಯನ್ನು ನೋಡಿದರೆ ದಾರಿ ತಪ್ಪುತ್ತದೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಸುಮಾರು 196 ಕಿಲೋ ತೂಗುತ್ತದೆ, ಅದರ ಶಕ್ತಿ 40 ಪಿಎಸ್ (ಒಂದು ಪಿಎಸ್ ಎಂದರೆ ಹೆಚ್ಚುಕಡಿಮೆ ಒಂದು ಅಶ್ವಶಕ್ತಿ). ಮೋಟೋಕ್ರಾಸ್ ಬೈಕಾದ ಕವಾಸಕಿಯ ಕೆಎಕ್ಸ್ 450 ಹೆಚ್ಚುಕಡಿಮೆ 110 ಕಿಲೋದ ಬೈಕು, ಶಕ್ತಿ 50 ಅಶ್ವಶಕ್ತಿಗೂ ಮಿಕ್ಕಿದ್ದು. ಎಂಜಿನ್ನಿನ ಗಾತ್ರ ಒಂದೇ ಎನಿಸಿದರೂ ಎರಡರ ಸ್ವಭಾವಕ್ಕೆ ಯಾವ ಸಂಬಂಧವೂ ಇಲ್ಲ. ಮರಳುಗಾಡಿನ ದೀರ್ಘ ಸ್ಪರ್ಧೆಯಾದ ಡಕಾರ್ ರ‍್ಯಾಲಿಯಲ್ಲಿ 2011ರಿಂದ ಬೈಕುಗಳಿಗೆ 450 ಸಿಸಿಯೇ ಗರಿಷ್ಠ ಮಿತಿ. 2015ರಲ್ಲಿ ಆ ರ‍್ಯಾಲಿಗೆ ಇಳಿದ ಮೊದಲ ಭಾರತೀಯ, ಬೆಂಗಳೂರಿನ ಸಿ. ಎಸ್. ಸಂತೋಷ್ ಓಡಿಸಿದ್ದೂ ಆ ಮಿತಿಯೊಳಗಿನ ಬೈಕನ್ನೇ. ದಿನಗಟ್ಟಲೆ ಮರಳುಗಾಡು ದಾಟುವವರಿಗೆ ಸಾಲುವ ಎಂಜಿನ್ ಕಲಿಯುವವನ ಕೈಗೆ ಮೊದಲ ದಿನವೇ ಏಕೆ ಬೇಕು?

ತೊಂದರೆ ಎಲ್ಲಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಳೆಗಾಲದಲ್ಲಿ ಮೂಡಿಗೆರೆ, ಕೊಟ್ಟಿಗೆಹಾರದ ಕಡೆಯ ತೋಟದ ರಸ್ತೆಯೊಂದರ ಏರನ್ನು ಕಣ್ಣ ಮುಂದೆ ತಂದುಕೊಳ್ಳಿ. ಜೀಪು ಓಡಾಡಿ ಬಿದ್ದ ಆಳವಾದ ಜಾಡು, ಅದರಲ್ಲಿ ನಿಂತ ನೀರು, ಅಂಚಿನಲ್ಲಿ ಪಾಚಿ ಹಿಡಿದ ಕಲ್ಲು. ಅಲ್ಲಿ ಹಿಂದಿನ ಚಕ್ರಕ್ಕೆ ಹಿಡಿತ ಸಿಗುವುದು ಆಕ್ಸಿಲರೇಟರನ್ನು ಕೂದಲೆಳೆಯಷ್ಟು ತಿರುಗಿಸಿ, ಕ್ಲಚ್ಚನ್ನು ಒಂದು ಬೆರಳಿನಲ್ಲಿ ಸಡಿಲಿಸುತ್ತ ಹೋದಾಗ ಮಾತ್ರ. 450 ಸಿಸಿಯ ಮೋಟೋಕ್ರಾಸ್ ಎಂಜಿನ್ ಆ ಕೂದಲೆಳೆಯಷ್ಟು ತಿರುವಿಗೇ ಚಕ್ರವನ್ನು ಗಿರ‍್ರನೆ ತಿರುಗಿಸುತ್ತದೆ, ಇಲ್ಲವೇ ಹಿಡಿತ ಸಿಕ್ಕ ಕ್ಷಣದಲ್ಲಿ ಬೈಕನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಬೈಕು ಮುಂದಕ್ಕೆ ಚಿಮ್ಮಿದಾಗ ಸವಾರನ ಮೈ ಹಿಂದಕ್ಕೆ ವಾಲುತ್ತದೆ. ಬೀಳದಿರಲು ಅವನು ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಜೋತುಬೀಳುತ್ತಾನೆ. ಜೋತುಬಿದ್ದ ಭಾರಕ್ಕೆ ಮಣಿಕಟ್ಟು ಇನ್ನಷ್ಟು ತಿರುಗಿ ಆಕ್ಸಿಲರೇಟರ್ ಪೂರ್ತಿ ತೆರೆದುಕೊಳ್ಳುತ್ತದೆ. ಹೊಸಬರು ಕಾಫಿ ಗಿಡಗಳ ನಡುವೆ ಅಥವಾ ಸಿಲ್ವರ್ ಮರದ ಬುಡಕ್ಕೆ ಹೋಗಿ ಬೀಳುವುದರಲ್ಲಿ ಬಹಳಷ್ಟು ಹೀಗೇ ಆಗುವಂಥದ್ದು, ಧೈರ್ಯ ಸಾಲದ್ದರಿಂದ ಅಲ್ಲ. 18–20 ಪಿಎಸ್‌ನ ಬೈಕಿನಲ್ಲೂ ಇದೇ ತಪ್ಪು ಆಗುತ್ತದೆ, ಆದರೆ ತಿದ್ದಿಕೊಳ್ಳಲು ಅರೆಕ್ಷಣದ ಅವಕಾಶ ಸಿಗುತ್ತದೆ. ಕಲಿಕೆ ನಡೆಯುವುದು ಆ ಅರೆಕ್ಷಣದಲ್ಲೇ.

ಎತ್ತರವೂ ಅಷ್ಟೇ ಮುಖ್ಯ. ಹೀರೋ ಎಕ್ಸ್‌ಪಲ್ಸ್ 200 ಬೈಕಿನ ಸೀಟು ನೆಲದಿಂದ ಸುಮಾರು 825 ಮಿಲಿಮೀಟರ್ ಎತ್ತರದಲ್ಲಿದ್ದರೆ, ದೊಡ್ಡ ಮೋಟೋಕ್ರಾಸ್ ಬೈಕುಗಳಲ್ಲಿ ಅದು 950ರ ಆಸುಪಾಸಿಗೆ ಹೋಗುತ್ತದೆ. ಏರಿನಲ್ಲಿ ಎಂಜಿನ್ ಆಫ್ ಆದಾಗ ಕಾಲು ನೆಲಕ್ಕೆ ಎಟುಕದಿದ್ದರೆ ಬೈಕು ಇಳಿಜಾರಿನ ಕಡೆಗೆ ಮಗುಚುವುದು ಖಂಡಿತ.

ಕಲಿಯಬೇಕಾದ ಪಾಠಗಳಿಗೆ ಹೆಚ್ಚು ಶಕ್ತಿ ಬೇಕೂ ಇಲ್ಲ. ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಮೊಣಕಾಲಿನಿಂದ ಟ್ಯಾಂಕನ್ನು ಅವಚಿ ಹಿಡಿಯುವುದು, ಮುಂದಿನ ಚಕ್ರವನ್ನು ನೋಡದೆ ದಾರಿಯನ್ನು ನೋಡುವುದು, ಇಳಿಜಾರಿನಲ್ಲಿ ಮೊದಲ ಗೇರಿನಲ್ಲೇ ಎಂಜಿನ್ನಿನ ತಡೆಯನ್ನು (ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ವೇಗ ತಗ್ಗಿಸುವುದನ್ನು) ನಂಬಿ ಇಳಿಯುವುದು, ಬಿದ್ದ ಬೈಕನ್ನು ಬೆನ್ನಿಗೆ ಪೆಟ್ಟಾಗದಂತೆ ಎತ್ತುವುದು ಇವೆಲ್ಲ ನಡಿಗೆಯ ವೇಗದಲ್ಲಿ ಕಲಿಯುವಂಥವು. ಕೊಯ್ಲು ಮುಗಿದು ಕಾಫಿ ಒಣಗಿಸುವ ಕಣ ಖಾಲಿಯಾದ ಮೇಲೆ ಅಲ್ಲಿ ಎಂಟರ ಆಕಾರದಲ್ಲಿ ಕಾಲೂರದೆ ನಿಧಾನವಾಗಿ ಸುತ್ತುವುದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತಿಳಿದಿಲ್ಲ. ಆಯಿಲ್ ಸೋರುವ ಗಾಡಿಯನ್ನು ಮಾತ್ರ ದಯವಿಟ್ಟು ಕಣಕ್ಕೆ ಇಳಿಸಬೇಡಿ; ಮುಂದಿನ ವರ್ಷದ ಕಾಫಿ ಒಣಗಬೇಕಾದದ್ದು ಅಲ್ಲಿಯೇ.

“ಹೇಗೂ ನಾಳೆ ದೊಡ್ಡದು ಬೇಕಾಗುತ್ತದೆ, ಈಗಲೇ ತೆಗೆದುಕೊಂಡರೆ ಒಂದೇ ಖರ್ಚಿನಲ್ಲಿ ಮುಗಿಯುತ್ತದಲ್ಲ ಅಣ್ಣ” ಎಂಬ ವಾದವನ್ನು ಮತ್ತೆ ಮತ್ತೆ ಕೇಳಿದ್ದೇನೆ. ಲೆಕ್ಕ ಹಾಗೆ ಕೂಡುವುದಿಲ್ಲ. ಸ್ಪರ್ಧೆಗೆಂದೇ ಮಾಡಿದ ಬೈಕಿನ ಸರ್ವೀಸನ್ನು ಓಡಿಸಿದ ಕಿಲೋಮೀಟರಿನಲ್ಲಲ್ಲ, ಎಂಜಿನ್ ಓಡಿದ ಗಂಟೆಗಳಲ್ಲಿ ಎಣಿಸುತ್ತಾರೆ. ಕೆಲವೇ ಗಂಟೆಗಳಿಗೆ ಆಯಿಲ್ ಬದಲಿಸಬೇಕು, ಹತ್ತಾರು ಗಂಟೆಗಳಿಗೆ ಪಿಸ್ಟನ್ನಿನ ಕೆಲಸ ಬರುತ್ತದೆ. ಹೆಡ್‌ಲೈಟಾಗಲಿ ಇಂಡಿಕೇಟರಾಗಲಿ ಇಲ್ಲದ ಆ ಬೈಕಿಗೆ ಆರ್‌ಟಿಒ ನೋಂದಣಿಯೂ ಆಗದು. ಆದ್ದರಿಂದ ತೋಟದ ಗೇಟು ದಾಟಬೇಕೆಂದರೆ ಪಿಕಪ್ಪಿನಲ್ಲಿ ಹೇರಿಕೊಂಡೇ ಹೋಗಬೇಕು. ಚಿಕ್ಕ ಬೈಕು ಕೊಂಡು ಉಳಿಸಿದ ಹಣದಲ್ಲಿ ಒಳ್ಳೆಯ ಬೂಟು, ಮೊಣಕಾಲು ಕವಚ, ಎದೆ ಕವಚ ಮತ್ತು ಹೆಲ್ಮೆಟ್ ಕೊಳ್ಳಿ.

ಹಾಗೆಂದು ಚಿಕ್ಕ ಎಂಜಿನ್ ಎಲ್ಲರಿಗೂ ಒಗ್ಗುತ್ತದೆ ಎನ್ನಲಾರೆ. ಆರಡಿ ಎತ್ತರದ, ತೊಂಬತ್ತು ಕಿಲೋ ದಾಟಿದ ವ್ಯಕ್ತಿಗೆ ತೀರ ಚಿಕ್ಕ ಬೈಕು ಏರಿನಲ್ಲಿ ಬೇಸರ ಹುಟ್ಟಿಸುತ್ತದೆ, ಸಸ್ಪೆನ್ಷನ್ ಕೂಡ ಕುಸಿದು ಕೂರುತ್ತದೆ. ಅಂಥವರಿಗೂ ನನ್ನ ಸಲಹೆ ಎಕ್ಸ್‌ಪಲ್ಸ್ 210 ಅಥವಾ ಸ್ವಲ್ಪ ಎತ್ತರದ ಕವಾಸಕಿ ಕೆಎಲ್‌ಎಕ್ಸ್ 230. ಇವೆರಡೂ ನೋಂದಣಿಯಾಗುವ ಬೈಕುಗಳು. 46 ಪಿಎಸ್‌ನ ಕೆಟಿಎಂ 390 ಎಂಡ್ಯೂರೋ ಆರ್ ಸೊಗಸಾದ ಬೈಕು, ಆದರೆ ನನ್ನ ಲೆಕ್ಕದಲ್ಲಿ ಅದು ಎರಡನೆಯ ಬೈಕು.

ದೊಡ್ಡ ಮೋಟೋಕ್ರಾಸ್ ಬೈಕಿನ ಅನುಭವವೇ ಬೇಕಿದ್ದರೆ, ಸಂತೋಷ್ ಅವರು ಕೋಲಾರದ ಬಳಿ ಕಟ್ಟಿದ ಬಿಗ್ ರಾಕ್ ಡರ್ಟ್ ಪಾರ್ಕಿನಂಥ ಕಡೆ, ತಿಳಿದವರ ಎದುರಿನಲ್ಲಿ ಮೊದಲು ಓಡಿಸಿ ನೋಡಿ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಹುಲ್ಲುಗಾವಲು ಮತ್ತು ಭದ್ರಾ ಹುಲಿ ಮೀಸಲು ಪ್ರದೇಶ ಯಾವ ಸಿಸಿಯ ಬೈಕಿಗೂ ಅಭ್ಯಾಸದ ಅಂಗಳವಲ್ಲ. ಅಲ್ಲಿ ಚಕ್ರ ಕೊರೆದ ಗೀರು ಮಳೆ ಬಂದಾಗ ಕಾಲುವೆಯಾಗುತ್ತದೆ. ಸ್ವಂತ ತೋಟದಲ್ಲಿ, ಇಲ್ಲವೇ ಮಾಲೀಕರ ಒಪ್ಪಿಗೆ ಪಡೆದ ತೋಟದಲ್ಲಿ ಒಂದು ಪೂರ್ತಿ ಮಳೆಗಾಲ ಕಳೆಯಿರಿ. ಚಿಕ್ಕ ಬೈಕಿನಲ್ಲೇ ನಿಂತುಕೊಂಡು ಕೆಸರಿನ ಏರನ್ನು ಹತ್ತಿ, ನಡುವೆ ನಿಲ್ಲಿಸಿ, ಅಲ್ಲಿಂದಲೇ ಮತ್ತೆ ಹೊರಡಲು ಬಂದು, ಆಮೇಲೂ ಎಂಜಿನ್ ಸಾಲದು ಎನಿಸಿದರೆ ಆಗ ಹೆಚ್ಚಿನ ಶಕ್ತಿಯ ಬೈಕನ್ನು ಧಾರಾಳವಾಗಿ ನೋಡಬಹುದು.